ಕಳೆದದ್ದು, ಸಿಕ್ಕಿದ್ದು

ಬೆಳಗ್ಗೆ ನಾವು, ಮಧ್ಯಾಹ್ನ ಅವರು.
ಶಾರ್ಜಾದ ನಮ್ಮ ಶಾಲೆಯಲ್ಲಿ
ಹುಡುಗಿಯರಿಗೊಂದು ಪಾಳಿ, ಹುಡುಗರಿಗೊಂದು.
ನಡುವೆ ಇಪ್ಪತ್ತು ನಿಮಿಷ:
ನಮ್ಮ ಬಸ್ಸು ಗೇಟು ದಾಟುವಾಗ ಅವರ ಬಸ್ಸು ಒಳಗೆ,
ಬಿಸಿಲಿಗೋ ಶಿಸ್ತಿಗೋ
ಎರಡರ ಪರದೆಯೂ ಮುಚ್ಚಿಯೇ.

ಪತ್ರಿಕಾ ಸಂಘಕ್ಕೆ ಮಾತ್ರ ಒಂದೇ ಕೋಣೆ.
ಬಯಾಲಜಿ ಲ್ಯಾಬಿನ ಹಿಂದೆ,
ಎಸಿಯ ನೀರು ಬಕೆಟ್ಟಿಗೆ ತೊಟ್ಟಿಕ್ಕುವಲ್ಲಿ,
ಒಂದು ಮೇಜು, ಅದಕ್ಕೊಂದು ಡ್ರಾಯರು,
ಒಂದು ಕಂಪ್ಯೂಟರು. ಅದಕ್ಕೆ ಕನ್ನಡ ಬಾರದು.
ಎಂಟು ಪುಟಗಳಲ್ಲಿ ನಮ್ಮ ಭಾಷೆಗೆ ದಕ್ಕಿದ ಕಾಲು ಪುಟವನ್ನು
ನಾನು ಕೈಯಲ್ಲಿ ಬರೆದು ಅಂಟಿಸುತ್ತಿದ್ದೆ.
ಜೆರಾಕ್ಸಿನಲ್ಲಿ ಒತ್ತಕ್ಷರಗಳು
ಇರುವೆಗಳ ಹಾಗೆ ಉದುರಿ ಬೀಳುತ್ತಿದ್ದವು.

ಕರಡು ತಿದ್ದುವವನು ಮಧ್ಯಾಹ್ನದವನು. ಹೆಸರು ಕೇಳಿದ್ದಿಲ್ಲ.
ಡ್ರಾಯರಿನಲ್ಲಿ ಬಿಟ್ಟ ಹಾಳೆ ಮರುದಿನ
ಹಸಿರು ಶಾಯಿ ಹಚ್ಚಿಕೊಂಡು ಕಾದಿರುತ್ತಿತ್ತು:
'ಹಾರ್ದಿಕ' ಸಾಕು ಮಾರಾಯ್ತಿ, ಮೂರು ಸಲ ಬಂದಿದೆ.
ನಿಮ್ಮ ಮಹಾಪ್ರಾಣಗಳಿಗೆ ಉಸಿರೇ ಇಲ್ಲ.
ನಾನು ಕೆಳಗೆ ಬರೆದೆ:
ನಿಮ್ಮ ಪೆನ್ನಿಗೆ ಸೊಕ್ಕು ಹೆಚ್ಚು.
ಜೆಸಿಂತಾ ಓದಿ ಹುಬ್ಬು ಹಾರಿಸಿದಳು.
ಪ್ರೂಫ್ ರೀಡಿಂಗ್ ಕಣೇ, ಅಂದೆ.

ಫೆಬ್ರವರಿಯ ಸಂಚಿಕೆಗೆ ನಾನೊಂದು ಸುದ್ದಿ ಬರೆದೆ,
ಪರೀಕ್ಷೆಗೂ ಕಾಯದೆ ಹೋದವರ ಪಟ್ಟಿ.
ತಸ್ಲೀಮಾ ಬಸ್ಸಿನ ಆಯಾಳನ್ನು ಕೇಳಿ ಕೇಳಿ
ಖಾಲಿ ಸೀಟು ಎಣಿಸಿ ತಂದಿದ್ದಳು:
ಹತ್ತನೆಯ ಬಿ ನಾಲ್ವರು, ಒಂಬತ್ತರವರು ಆರು.
ಕಾರಣ: ಅಪ್ಪನ ಕಂಪೆನಿ.
ಹೋದದ್ದು: ಉಪ್ಪಳ, ಶಿರ್ವ, ಗಂಗೊಳ್ಳಿ, ಭಟ್ಕಳ,
ಜುಲೈ ರಜೆಯಲ್ಲಿ ಮಾತ್ರ ಕಂಡಿದ್ದ
ತಮ್ಮ ತಮ್ಮ ಊರಿಗೆ.

ಲೀಲಾಮ್ಮ ಮಿಸ್ಸಿಗೆ ಕನ್ನಡ ಬಾರದು,
ನನ್ನಿಂದಲೇ ಓದಿಸಿ, ಅರ್ಥ ಹೇಳಿಸಿಕೊಂಡರು.
ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು.
ಒರೆಸುತ್ತಲೇ ಇದ್ದರು.
"ಸುಳ್ಳಲ್ಲ ಮೋಳೇ. ಆದರೆ ಪತ್ರಿಕೆ ಮನೆಗೆ ಹೋಗುತ್ತದೆ,
ಅಪ್ಪಂದಿರು ಓದುತ್ತಾರೆ.
ವಾರ್ಷಿಕೋತ್ಸವದ ಫೋಟೋ ದೊಡ್ಡದು ಮಾಡಿ ಹಾಕು."

ಪಟ್ಟಿಯನ್ನು ಡ್ರಾಯರಿಗೆ ಎಸೆದೆ. ಮರುದಿನ ಹಸಿರು ಸಾಲು:
ಹೋದವರನ್ನು ಬರೆಯಬೇಡ. ಉಳಿದದ್ದನ್ನು ಬರೆ.

ಹಾಗೆ ಹುಟ್ಟಿತು ಆ ಅಂಕಣ, ಕಳೆದದ್ದು, ಸಿಕ್ಕಿದ್ದು:

ಕಂಪಾಸು ಪೆಟ್ಟಿಗೆ, ಹತ್ತು ಬಿ. ಮುಚ್ಚಳದೊಳಗೆ ಮಾರ್ಚಿನ ಟೈಮ್ ಟೇಬಲ್.
ಥ್ರೋಬಾಲ್ ಅಂಗಿ, ಏಳನೆಯ ನಂಬರು, ಒಗೆದಿದೆ.
ಲೈಬ್ರರಿ ಪುಸ್ತಕ. ನೂರಾ ಹನ್ನೆರಡನೆಯ ಪುಟದಲ್ಲಿ ಚಾಕ್ಲೇಟಿನ ಕಾಗದ,
ಮುಂದಿನ ಪುಟಗಳು ಮುಟ್ಟಿದಂತಿಲ್ಲ.
ಬಸ್ಸು ಹದಿನೇಳು, ಕಿಟಕಿಯ ಪಕ್ಕದ ಸೀಟು,
ತಲೆ ಆನಿಸುವಲ್ಲಿ ಎಣ್ಣೆಯ ಕಲೆ.
ವಾರಸುದಾರರು ಬಂದು ಒಯ್ಯಬಹುದು.

"ಸೀಟು ಹೇಗೆ ಕಳೆಯುತ್ತದೆ?" ಕೇಳಿದರು ಮಿಸ್.
ನಾನು ಬಕೆಟ್ಟಿನ ಕಡೆ ನೋಡಿದೆ.
ತುಂಬಿತ್ತು. ಅವರೂ ನೋಡಿದರು.
ಸಹಿ ಹಾಕಿದರು.

ರಾತ್ರಿ ಅಪ್ಪ ಊಟದ ನಡುವೆ ಕಾಲು ಪುಟ ಓದಿದ.
"ಈ ಸೀಟು ಯಾರದ್ದು?"
ಮೊಯ್ದೀನಾಕನ ಮಗಳದ್ದು, ಅಂದೆ.
ಅಪ್ಪನೂ ಮೊಯ್ದೀನಾಕನೂ ಒಂದೇ ಗೋದಾಮು.
ತಟ್ಟೆಯಲ್ಲಿ ಅಪ್ಪನ ಕೈ ಒಣಗಿತು.
ಅಮ್ಮ ಸಾರಿನ ಸೌಟು ಹಿಡಿದು ನಿಂತೇ ಇದ್ದಳು.

ಏಪ್ರಿಲಿನಲ್ಲಿ ಹೊಸ ತರಗತಿ, ಹೊಸ ಬ್ಯಾಡ್ಜು.
ಮೊದಲ ಕರಡು ಡ್ರಾಯರಿನಲ್ಲಿ ಇಟ್ಟ ಹಾಗೆಯೇ ಇತ್ತು,
ನನ್ನ ತಪ್ಪುಗಳೆಲ್ಲ ಕ್ಷೇಮವಾಗಿ.
ಎರಡು ದಿನ ಕಾದೆ.
ಮೂರನೆಯ ದಿನ ಡ್ರಾಯರಿನ ಹಿಂದುಗಡೆ, ಪಿನ್ನುಗಳ ನಡುವೆ
ಬೆರಳಿಗೆ ಸಿಕ್ಕಿತು.

ಅಂಕಣಕ್ಕೆ ಸೇರಿಸಿದೆ:
ಪೆನ್ನು ಒಂದು. ಹಸಿರು. ಮುಚ್ಚಳವಿಲ್ಲ. ಮಧ್ಯಾಹ್ನದ ಪಾಳಿ.

ಹೊಸ ಮಕ್ಕಳಿಗೆ ಸ್ವಾಗತದ ಟಿಪ್ಪಣಿಯಲ್ಲಿ
ಬೇಕೆಂದೇ ಮೂರು ಸಲ 'ಹಾರ್ದಿಕ' ಬರೆದು
ಡ್ರಾಯರಿನಲ್ಲಿಟ್ಟು ಮನೆಗೆ ಹೋದೆ.

ಹಾಗೆಯೇ ಅಚ್ಚಾಯಿತು.